ಎರಡನೇ ಹೆಬ್ಬೆಟ್ಟು

ನಿಯಮದ ಪ್ರಕಾರ ನೋಟಿಸನ್ನು ಅಂಟಿಸಿದರೆ ಸಾಲದು, ಓದಿ ಹೇಳಬೇಕು. ಹಿನ್ನೀರಿನ ಸುತ್ತ ದೋಣಿ ಕಟ್ಟುವ ದಕ್ಕೆಗಳು ಹನ್ನೊಂದು. ಮೀನು ಮೊಟ್ಟೆಯಿಡುವ ಎರಡು ತಿಂಗಳು ಬಲೆ ಬಿಡಬಾರದು ಎಂಬ ಆ ನೋಟಿಸನ್ನು ಪ್ರತಿ ವರ್ಷ ಒಂದೊಂದು ದಕ್ಕೆಗೂ ಹೋಗಿ, ಕನಿಷ್ಠ ಇಬ್ಬರು ಮೀನುಗಾರರ ಎದುರು ಗಟ್ಟಿಯಾಗಿ ಓದಿ, ಆ ಇಬ್ಬರ ಸಹಿಯನ್ನೋ ಹೆಬ್ಬೆಟ್ಟನ್ನೋ ರಿಜಿಸ್ಟರಿನಲ್ಲಿ ಹಾಕಿಸಿಕೊಂಡು ಬರಬೇಕು. ಮೀನುಗಾರಿಕೆ ಕಚೇರಿಯಲ್ಲಿ ಈ ಕೆಲಸ ಹನ್ನೆರಡು ವರ್ಷದಿಂದ ಅವಳದು. ಮೊದಲು ಗಂಡನದಾಗಿತ್ತು, ಅವನು ತೀರಿಕೊಂಡ ಮೇಲೆ ಮೈದಾ ಅಂಟಿನ ಬಕೆಟ್ಟು, ಬ್ರಷ್ಷು, ಇಂಕ್ ಪ್ಯಾಡಿನ ಸಮೇತ ಅವಳ ಪಾಲಿಗೆ ಬಂತು. ದಕ್ಕೆಯವರು ಅವಳನ್ನು ನೋಟಿಸಕ್ಕ ಎನ್ನುತ್ತಿದ್ದರು.

ನೋಟಿಸಿನ ಮುಂಭಾಗದಲ್ಲಿ ನಿಷೇಧಗಳಿದ್ದರೆ ಹಿಂಭಾಗದಲ್ಲಿ ರಿಯಾಯಿತಿಗಳಿದ್ದವು. ಕೆಳಗಿನ ನಾಲ್ಕರಲ್ಲಿ ಯಾವುದನ್ನಾದರೂ ಆಪಾದಿತನು ರುಜುವಾತು ಮಾಡಿದಲ್ಲಿ ಅದು ಅಪರಾಧವೆನಿಸತಕ್ಕದ್ದಲ್ಲ: ಒಂದು, ಮುಳುಗುತ್ತಿರುವವರ ಪ್ರಾಣ ಉಳಿಸಲು ಬಲೆ ಬಳಸಿದ್ದರೆ, ಎರಡು, ಗಾಳಿಯ ಹೊಡೆತಕ್ಕೆ ದೋಣಿ ನಿಷೇಧಿತ ಪ್ರದೇಶಕ್ಕೆ ಹೋಗಿದ್ದರೆ, ಮೂರು, ಸಂಶೋಧನೆಗೆಂದು ಅನುಮತಿ ಪಡೆದಿದ್ದರೆ, ನಾಲ್ಕು, ನೋಟಿಸು ಇಬ್ಬರು ಮೀನುಗಾರರ ಸಮಕ್ಷಮ ಓದಲ್ಪಡದಿದ್ದ ಪಕ್ಷದಲ್ಲಿ. ಇದನ್ನೂ ಬಿಡದೆ ಓದಬೇಕೆಂದು ನಿಯಮ.

ದೊಡ್ಡ ದಕ್ಕೆಗಳಲ್ಲಿ ಓದುವಾಗ ಅದೊಂದು ತಮಾಷೆಯೇ ಆಗುತ್ತಿತ್ತು.

"ಅಕ್ಕಾ, ದೋಣಿ ಗಾಳಿಗೆ ಹೋಯ್ತು ಅಂದ್ರೆ ಬಿಡ್ತಾರೆ ಅಂದ್ರಲ್ಲ, ಬಲೆನೂ ಗಾಳಿಗೇ ಬಿಚ್ಕೊಳ್ತು ಅನ್ನಬಹುದಾ?"

"ಅನ್ನಿ. ಬಲೆ ಬಿಚ್ಚಿದ್ದು ಗಾಳಿ, ಸರಿ. ಮೀನನ್ನ ಬುಟ್ಟಿಗೆ ತುಂಬಿದ್ದು ನಿಮ್ಮ ಮಾವನಾ ಅಂತ ಕೇಳ್ತಾರೆ."

ಎಲ್ಲರೂ ನಗುವರು, ಯಾರೋ ಇಬ್ಬರು ಸಹಿ ಹಾಕುವರು, ಅವಳು ಮುಂದಿನ ಬಸ್ಸಿಗೆ ಓಡುವಳು.

ಹನ್ನೊಂದನೆಯ ದಕ್ಕೆಯ ಕಥೆಯೇ ಬೇರೆ. ಬಸ್ಸು ಇಳಿದು ಏರಿಯ ಮೇಲೆ ಒಂದೂವರೆ ಗಂಟೆ ನಡೆಯಬೇಕು. ಹಿಂದೆ ಅಲ್ಲಿ ಹದಿನಾಲ್ಕು ಮನೆಗಳಿದ್ದವಂತೆ. ಮಂಜುಗಡ್ಡೆಯ ಕೋಣೆ, ಲಾರಿ ಬರುವ ದಾರಿ ಎರಡೂ ಆಚೆ ದಡದಲ್ಲಾದ ಮೇಲೆ ಒಂದೊಂದೇ ಮನೆ ಅತ್ತ ಸಾಗಿ, ಕಡೆಗೆ ಅಜ್ಜ ಮತ್ತು ಅಜ್ಜಿ ಇಬ್ಬರೇ ಉಳಿದರು. ಇಬ್ಬರ ಹೆಸರಲ್ಲೂ ಲೈಸೆನ್ಸು ಇತ್ತು. ಅವನು ಹುಟ್ಟು ಹಾಕಿದರೆ ಅವಳು ಬಲೆ ಎಳೆಯುವಳು. ನೋಟಿಸಕ್ಕ ಹೋದರೆ ಮೆಟ್ಟಿಲ ಮೇಲೆ ಇಬ್ಬರೂ ಒತ್ತಾಗಿ ಕೂತು ಕೇಳುತ್ತಿದ್ದರು. ಅಜ್ಜಿಗೆ ಎರಡನೇ ರಿಯಾಯಿತಿ ತುಂಬ ಇಷ್ಟ. "ಗಾಳಿ ಹೊಡೆದರೆ ತಪ್ಪಿಲ್ಲ ಅಂತ ಬರೆದವನು ಯಾರೋ ಪುಣ್ಯಾತ್ಮ, ನೀರಿಗಿಳಿದು ನೋಡಿದ್ದಾನೆ," ಎನ್ನುತ್ತಿದ್ದಳು. ಆಮೇಲೆ ಹೆಬ್ಬೆಟ್ಟು: ಗಂಡಸಿನದು ಎಡಗೈಯದು, ಹೆಂಗಸಿನದು ಬಲಗೈಯದು.

ನಾಲ್ಕು ವರ್ಷದ ಹಿಂದೆ ನೋಟಿಸಕ್ಕ ಹೋದಾಗ ಮೆಟ್ಟಿಲ ಮೇಲೆ ಅಜ್ಜ ಒಬ್ಬನೇ ಕೂತಿದ್ದ. ಬಾಗಿಲು ತೆರೆದಿತ್ತು, ಒಲೆ ತಣ್ಣಗಿತ್ತು, ಬಾಗಿಲ ಪಕ್ಕ ಎರಡು ಜೊತೆ ಚಪ್ಪಲಿ ಇದ್ದವು. ಅಜ್ಜಿ ಇನ್ನಿಲ್ಲವೆಂದು ಅವಳಿಗೆ ಅಷ್ಟರಲ್ಲೇ ತಿಳಿಯಿತು. ಓದಿ ಮುಗಿಸಿ ರಿಜಿಸ್ಟರನ್ನು ಮುಂದೆ ಹಿಡಿದಾಗ ಅವನು ಎಡ ಹೆಬ್ಬೆರಳನ್ನು ತನ್ನ ಹೆಸರಿನ ಮುಂದೆ ಒತ್ತಿದ. ಬೆರಳನ್ನು ಪಂಚೆಗೆ ಒರೆಸಿಕೊಂಡು, ಬಲ ಹೆಬ್ಬೆರಳನ್ನು ಇಂಕಿಗೆ ಅದ್ದಿ ಅಜ್ಜಿಯ ಹೆಸರಿನ ಮುಂದೆ ಒತ್ತಿದ. ಅವಸರವಿಲ್ಲದೆ, ಅಂಚು ಕದಡದಂತೆ ಒತ್ತಿದ.

ಬೇಡ ಅನ್ನಬಹುದಿತ್ತು. ಅಂದಿದ್ದರೆ ಇನ್ನೊಂದು ದಿನ ಬೇರೆ ದಕ್ಕೆಯ ಮೀನುಗಾರನೊಬ್ಬನನ್ನು ಕಾಡಿ ಬೇಡಿ ಕರೆತಂದು ಮತ್ತೆ ಓದಬೇಕಿತ್ತು. ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಆ ವರ್ಷ ಸುಮ್ಮನಿದ್ದದ್ದು ಕನಿಕರದಿಂದ. ಆಮೇಲಿನ ವರ್ಷಗಳಲ್ಲಿ ಅದೇ ಸಲೀಸಾಯಿತು. ಕಚೇರಿಯಲ್ಲಿ ಹನ್ನೊಂದು ಪುಟಕ್ಕೂ ಹನ್ನೊಂದು ಸೀಲು ಬಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಈ ವರ್ಷ ನಿಷೇಧದ ಮೂರನೇ ವಾರದಲ್ಲಿ ಗಸ್ತಿನವನು ಅಜ್ಜನನ್ನು ಹಿಡಿದ. ದೋಣಿಯಲ್ಲಿ ಬಲೆ, ಬಲೆಯಲ್ಲಿ ಮೊಟ್ಟೆ ತುಂಬಿದ ಮೀನು. ಎಂಟು ವರ್ಷದ ಹಿಂದೆ ಒಮ್ಮೆ ಎಚ್ಚರಿಕೆ ಕೊಟ್ಟದ್ದು ದಾಖಲೆಯಲ್ಲಿತ್ತು. ಎರಡನೇ ಸಲ ತಪ್ಪು ಸಾಬೀತಾದರೆ ದೋಣಿ ಸರ್ಕಾರಕ್ಕೆ. ಅವನ ಮನೆಯಿಂದ ಅಂಗಡಿಗೆ, ಆಸ್ಪತ್ರೆಗೆ, ಒಬ್ಬ ಮನುಷ್ಯನ ಮುಖ ನೋಡುವುದಕ್ಕೂ ಹಿನ್ನೀರು ದಾಟಬೇಕು, ಇಲ್ಲವೇ ಏರಿಯ ಮೇಲೆ ಒಂದೂವರೆ ಗಂಟೆ ನಡೆಯಬೇಕು. ದೋಣಿ ಹೋದರೆ ಅವನಿಗೆ ಕಾಲು ಹೋದ ಹಾಗೆ.

ದೋಣಿಯನ್ನು ತಂದು ಕಚೇರಿಯ ಹಿತ್ತಲಲ್ಲಿ, ಕೆಟ್ಟ ಜೀಪಿನ ಪಕ್ಕ, ಮಗುಚಿ ಹಾಕಿದ್ದರು. ಮರದ ದೋಣಿ ಬಿಸಿಲಿಗೆ ಒಣಗಿದರೆ ಹಲಗೆ ಬಾಯಿ ಬಿಡುತ್ತದೆ. ಎರಡು ದಿನಕ್ಕೊಮ್ಮೆ ಅಜ್ಜ ಏರಿಯ ಮೇಲೆ ನಡೆದು, ಬಸ್ಸು ಹತ್ತಿ ಬರುತ್ತಿದ್ದ. ನಲ್ಲಿಯಿಂದ ಕೊಡದಲ್ಲಿ ನೀರು ಹಿಡಿದು ದೋಣಿಯ ಬೆನ್ನಿಗೆ ಸುರಿದು, ಗೋಣಿಚೀಲಗಳನ್ನು ತೋಯಿಸಿ ಹೊದಿಸಿ, ಅಂಚನ್ನು ಸಿಕ್ಕಿಸಿ ಹೋಗುತ್ತಿದ್ದ. ಕಚೇರಿಯ ಟೈಪಿಸ್ಟು ಕಿಟಕಿಯಿಂದ ನೋಡಿ, "ಮುದುಕ ಎಮ್ಮೆ ಮೈ ತೊಳೀತಿದ್ದಾನೆ ನೋಡು," ಎನ್ನುತ್ತಿದ್ದಳು.

ವಿಚಾರಣೆಗೆ ನಾಲ್ಕು ದಿನ ಇರುವಾಗ ಸಾಹೇಬರು ನೋಟಿಸಕ್ಕನನ್ನು ಒಳಗೆ ಕರೆದರು.

"ನೀವೇ ಸಾಕ್ಷಿ. ನೋಟಿಸು ಓದಿದ್ರಾ ಅಂತ ಕೇಳ್ತಾರೆ, ಓದಿದೆ ಅನ್ನಿ. ಇಬ್ಬರಿದ್ರಾ ಅಂತ ಕೇಳ್ತಾರೆ, ಇದ್ರು ಅನ್ನಿ. ರಿಜಿಸ್ಟರು ತೋರಿಸಿ, ಕೆಳಗಿಳಿದು ಬನ್ನಿ. ಎರಡು ನಿಮಿಷದ ಕೆಲಸ."

"ಸರ್, ಆ ದಕ್ಕೆಯಲ್ಲಿ…"

"ಏನು?"

"ಏನಿಲ್ಲ ಸರ್."

ಅವರು ಮತ್ತೆ ಫೈಲಿನತ್ತ ಬಾಗಿದರು. ಹೊರಗೆ ಟೈಪಿಸ್ಟು ಹುಬ್ಬು ಹಾರಿಸಿದಳು. "ಏನಕ್ಕಾ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ನೋಟಿಸಕ್ಕ ಹಿತ್ತಲಿಗೆ ನಡೆದಳು.

ಅಜ್ಜ ಗೋಣಿ ಹಿಂಡುತ್ತಿದ್ದ. ಅವಳು ಇನ್ನೊಂದು ತುದಿ ಹಿಡಿದುಕೊಂಡಳು.

"ಅಜ್ಜ, ನಾಲ್ಕನೇ ಕಲಮು ನೆನಪಿದೆಯಾ?"

"ಹನ್ನೆರಡು ವರ್ಷ ಓದಿದ್ದೀಯ. ನಿದ್ದೆಗಣ್ಣಲ್ಲೂ ಹೇಳ್ತೀನಿ."

"ಅದನ್ನೇ ಕೋರ್ಟಿನಲ್ಲಿ ಹೇಳಿ. ಇಬ್ಬರಿರಲಿಲ್ಲ, ನಾನೊಬ್ಬನೇ ಇದ್ದೆ ಅಂತ. ಕೇಸು ಅಲ್ಲಿಗೇ ಬಿದ್ದು ಹೋಗ್ತದೆ. ದೋಣಿ ನಿಮಗೆ ವಾಪಸ್."

"ನಿನ್ನ ಕೆಲಸ?"

"ಅದು ನನಗಿರಲಿ."

ಅವನು ಗೋಣಿಯನ್ನು ದೋಣಿಯ ಮೇಲೆ ಹರವಿ, ಮಗುವಿಗೆ ಹೊದಿಕೆ ಸರಿಮಾಡುವ ಹಾಗೆ ಅಂಗೈಯಿಂದ ಸವರಿದ.

"ಬೇಡ ಮಗಳೇ."

"ಯಾಕೆ? ದೋಣಿ ಇಲ್ಲದೆ ಅಲ್ಲಿ ಹೇಗಿರ್ತೀರಿ?"

"ಓಟಿನ ಪಟ್ಟಿಯಲ್ಲಿ ಅವಳ ಹೆಸರು ಹೊಡೆದು ಹಾಕಿದರು. ಆಸ್ಪತ್ರೆ ಚೀಟಿಯಲ್ಲಿ ಹೊಡೆದು ಹಾಕಿದರು. ಲೈಸೆನ್ಸು ಕಟ್ಟೋಕೆ ಹೋದರೆ ಅಲ್ಲಿಯವನು ಒಂದು ಗೆರೆ ಎಳೆದು, ಮುಂದಿನವರು ಬನ್ನಿ ಅಂದ. ನಿನ್ನ ಪುಸ್ತಕ ಒಂದರಲ್ಲಿ ವರ್ಷಕ್ಕೊಂದು ಸಲ ನನ್ನ ಪಕ್ಕ ಕೂತಿರ್ತಾಳೆ. ಅದನ್ನೂ ನಾನೇ ಹೋಗಿ ಹೊಡೆದು ಹಾಕಲಾ?"

ಅವಳು ಗೋಣಿಯ ಅಂಚನ್ನು ಸಿಕ್ಕಿಸಿದಳು. "ಗೊತ್ತಿದ್ದೂ ಬಲೆ ಯಾಕೆ ಹಾಕಿದಿರಿ?" ಎಂದು ಕೇಳಿದಳು.

"ಆ ಎರಡು ತಿಂಗಳು ನೀರಿನ ಮೇಲೆ ಒಂದು ದೋಣಿ ಇರಲ್ಲ. ಒಂದು ಕೂಗಿಲ್ಲ, ಒಂದು ಕೆಮ್ಮಿಲ್ಲ. ಮನೆಯೊಳಗೆ ಕೂತು ಕೂತು ನನ್ನ ಉಸಿರಿನ ಸದ್ದೇ ಕಿವಿಗೆ ಬಡಿಯೋಕೆ ಶುರುವಾಯ್ತು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು." ಕೊಡ ಎತ್ತಿಕೊಂಡು ನಲ್ಲಿಯ ಕಡೆ ತಿರುಗಿದ. "ತಪ್ಪೇ. ಅಲ್ಲ ಅಂತ ಯಾರು ಅಂದರು?"

ಸಂಜೆ ಮನೆಯಲ್ಲಿ ಅವಳು ಒಂದು ಲೋಟ ಅಕ್ಕಿ ತೊಳೆದಿಟ್ಟಳು. ಮಗಳು ನರ್ಸಿಂಗ್ ಓದಲು ಹೋದ ಮೇಲೆ ಎರಡು ಲೋಟ ಒಂದಕ್ಕೆ ಇಳಿದಿತ್ತು. ಆರೂವರೆಗೆ ಮಗಳ ಫೋನು ಬರುತ್ತಿತ್ತು. ಹಾಸ್ಟೆಲಿನ ಒಂದೇ ಫೋನಿನಲ್ಲಿ ಅವಳ ಪಾಳಿ ಐದು ನಿಮಿಷ.

"ಅಮ್ಮಾ, ಊಟ ಆಯ್ತಾ?"

"ಇನ್ನೂ ಆರೂವರೆ ಕಣೇ."

"ನೀನು ಊಟ ಮಾಡ್ದೆ ಮಲಗ್ತೀಯ, ಅದಕ್ಕೇ ಮೊದಲೇ ಕೇಳ್ತಿರೋದು. ಏನು, ಧ್ವನಿ ಹೀಗಿದೆ?"

"ಇಡೀ ದಿನ ಮಾತಾಡಿಲ್ಲ, ಗಂಟಲು ಕಟ್ಟಿದೆ." ಅವಳು ಗೋಡೆಗೆ ಒರಗಿದಳು. "ಒಂದು ಮಾತು ಕೇಳ್ತೀನಿ. ನನ್ನ ಕೆಲಸ ಹೋದರೆ ನಿನ್ನ ಓದು ಏನಾಗ್ತದೆ?"

ಆ ಕಡೆ ಯಾರೋ ಬಕೆಟ್ಟು ಎಳೆಯುವ ಸದ್ದು.

"ಯಾಕಮ್ಮಾ? ಏನ್ ಮಾಡ್ಕೊಂಡೆ?"

"ಏನೂ ಇಲ್ಲ, ಸುಮ್ಮನೆ."

"ನಿನ್ನ ಸುಮ್ಮನೆ ನನಗೆ ಗೊತ್ತು. ಇನ್ನೊಂದೂವರೆ ವರ್ಷ ಅಮ್ಮಾ. ಆಮೇಲೆ ನೀನು ಸಾಹೇಬರ ತಲೆ ಮೇಲೆ ಅಂಟಿನ ಬಕೆಟ್ ಸುರಿದು ಬಾ, ನಾನೇ ಕರ್ಕೊಂಡು ಹೋಗ್ತೀನಿ. ಅಯ್ಯೋ, ಹಿಂದಿನವಳು ಒದರ್ತಿದ್ದಾಳೆ. ಇಡ್ತೀನಿ."

ಅನುಕಂಪದ ಮೇಲೆ ಸಿಕ್ಕ ಕೆಲಸ. ಅದು ಹೋದರೆ ಯಾರಿಗೂ ಮತ್ತೊಮ್ಮೆ ಅನುಕಂಪ ಹುಟ್ಟುವುದಿಲ್ಲ. ಅನ್ನ ಇಳಿಸಿ, ಅವಳು ನೋಟಿಸಿನ ಹಿಂಭಾಗವನ್ನು ತನಗೆ ತಾನೇ ಗಟ್ಟಿಯಾಗಿ ಓದಿಕೊಂಡಳು. ಮನೆಯಲ್ಲಿ ಆ ಧ್ವನಿ ಪರಕೀಯವಾಗಿ ಕೇಳಿಸಿತು.

ನ್ಯಾಯಾಲಯದ ಕೋಣೆ ಶಾಲೆಯ ತರಗತಿಯಷ್ಟೇ ಇತ್ತು. ಅಜ್ಜ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ; ಇಸ್ತ್ರಿ ಇಲ್ಲ, ಮಡಿಚಿಟ್ಟ ಗೆರೆಗಳಿದ್ದವು. ಅವನಿಗೆ ವಕೀಲರಿರಲಿಲ್ಲ. ಮೀನು ಹಿಡಿದದ್ದು ನಿಜವೇ ಎಂದು ನ್ಯಾಯಾಧೀಶೆ ಕೇಳಿದರು. ನಿಜ ಎಂದ. ನಿಷೇಧವಿದ್ದದ್ದು ಗೊತ್ತಿತ್ತೇ ಎಂದರು. ಗೊತ್ತಿತ್ತು ಎಂದ. ನಿಮ್ಮ ಪರವಾಗಿ ಹೇಳುವುದೇನಾದರೂ ಇದೆಯೇ ಎಂದಾಗ, "ಏನೂ ಇಲ್ಲ ತಾಯಿ," ಎಂದು ಕೈಕಟ್ಟಿ ನಿಂತ.

ಸರ್ಕಾರಿ ವಕೀಲರು ನೋಟಿಸಕ್ಕನನ್ನು ಕರೆಸಿದರು. ಸಾಹೇಬರು ಎರಡನೇ ಬೆಂಚಿನಲ್ಲಿ ಕೂತಿದ್ದರು. ಓದಿದ್ದು ಹೌದೇ? ಹೌದು. ತಾರೀಖು? ಹೇಳಿದಳು. ಅವರು ರಿಜಿಸ್ಟರಿನ ಪುಟ ತೆರೆದು, "ಈ ಇಬ್ಬರ ಎದುರೇ ಓದಿದ್ದಲ್ಲವೇ?" ಎಂದರು. ಅವರ ಒಂದು ಕೈ ಆಗಲೇ ಮುಂದಿನ ಫೈಲಿನ ಮೇಲಿತ್ತು.

"ಇಬ್ಬರಿರಲಿಲ್ಲ," ಎಂದಳು ನೋಟಿಸಕ್ಕ. "ಇವರೊಬ್ಬರೇ ಇದ್ದರು."

ವಕೀಲರು ತಲೆಯೆತ್ತಿದರು. ನ್ಯಾಯಾಧೀಶೆ ರಿಜಿಸ್ಟರನ್ನು ಮೇಲಕ್ಕೆ ಕೊಡುವಂತೆ ಸನ್ನೆ ಮಾಡಿದರು.

"ಇಲ್ಲಿ ಎರಡು ಹೆಬ್ಬೆಟ್ಟು ಇದೆಯಲ್ಲಮ್ಮ."

"ಎರಡೂ ಇವರದೇ. ಎರಡನೆಯದು ಬಲಗೈಯದು. ಆ ಹೆಸರು ಇವರ ಹೆಂಡತಿಯದು. ಅವರು ಹೋಗಿ ನಾಲ್ಕು ವರ್ಷವಾಯಿತು. ಗೊತ್ತಿದ್ದೂ ನಾನೇ ಒತ್ತಿಸಿಕೊಂಡೆ, ಪ್ರತಿ ವರ್ಷ. ಆ ದಕ್ಕೆಯಲ್ಲಿ ಬೇರೆ ಯಾರೂ ಇಲ್ಲ."

"ಇದು ಏನು ಅಂತ ತಿಳಿದೇ ಹೇಳ್ತಿದ್ದೀರಾ?"

"ತಿಳಿದೇ ಹೇಳ್ತಿದ್ದೀನಿ."

ಸಾಹೇಬರ ಬೆಂಚು ಕಿರುಗುಟ್ಟಿತು. ಅವಳು ಅತ್ತ ನೋಡಲಿಲ್ಲ, ಅಜ್ಜನ ಕಡೆಗೂ ನೋಡಲಾಗಲಿಲ್ಲ.

ನ್ಯಾಯಾಧೀಶೆ ಕನ್ನಡಕ ತೆಗೆದು ಅಜ್ಜನನ್ನು ಕೇಳಿದರು. "ಈ ಹೆಣ್ಣುಮಗಳು ಹೇಳಿದ್ದು ನಿಜವಾ? ನೋಡಿ, ನೋಟಿಸು ಇಬ್ಬರ ಎದುರು ಓದಿಲ್ಲ ಅಂತಾದರೆ ನಿಮ್ಮ ಮೇಲೆ ಕೇಸು ನಿಲ್ಲುವುದಿಲ್ಲ. ಆದರೆ ನೀವು ಹೇಳಬೇಕು. ನಿಮ್ಮ ಹೆಂಡತಿ ಇದ್ದಾರಾ?"

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಜವಾನ ಕಿಟಕಿಯ ಬಳಿ ಒಂದು ಫೈಲು ಕಟ್ಟುತ್ತಿದ್ದವನು ದಾರ ಬಿಗಿಯುವುದನ್ನು ನಿಲ್ಲಿಸಿದ.

"ಹೇಳಿ ಅಜ್ಜ."

"ಇಲ್ಲ ತಾಯಿ," ಎಂದ. ತಡೆದು, "ನಾಲ್ಕು ವರ್ಷವಲ್ಲ. ನಾಲ್ಕು ವರ್ಷ ಮೂರು ತಿಂಗಳು," ಎಂದ.

ತೀರ್ಪನ್ನು ಅಲ್ಲೇ ಬರೆಸಿದರು. ನೋಟಿಸು ಕ್ರಮಬದ್ಧವಾಗಿ ಓದಲ್ಪಟ್ಟಿಲ್ಲವಾದ್ದರಿಂದ ಆಪಾದಿತನನ್ನು ಬಿಡುಗಡೆ ಮಾಡತಕ್ಕದ್ದು, ದೋಣಿಯನ್ನು ಹಿಂದಿರುಗಿಸತಕ್ಕದ್ದು; ಸಾಕ್ಷಿ ನುಡಿದ ನೌಕರರ ವಿಚಾರ ಇಲಾಖೆಗೆ ಬಿಟ್ಟದ್ದು; ಒಬ್ಬನೇ ಮೀನುಗಾರನಿರುವ ಸ್ಥಳವನ್ನು ದಕ್ಕೆಯೆಂದು ಪಟ್ಟಿಯಲ್ಲಿ ಮುಂದುವರಿಸಬೇಕೇ ಎಂಬುದನ್ನು ಇಲಾಖೆ ಪರಿಶೀಲಿಸತಕ್ಕದ್ದು.

ಮರುದಿನ ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ನೀರಿನ ತನಕ ಸಾಗಿಸಿದರು. ಇಳಿಸುವಾಗ ಒಂದು ಪಕ್ಕ ನೋಟಿಸಕ್ಕ ಹಿಡಿದಳು. ಎಷ್ಟು ನೀರು ಸುರಿದಿದ್ದರೂ ಎರಡು ಹಲಗೆ ಬಾಯಿ ಬಿಟ್ಟಿದ್ದವು. ಅಜ್ಜ ದೋಣಿಯೊಳಗೆ ಕಲ್ಲು ಹೇರಿ ಮೊಣಕಾಲುದ್ದದ ನೀರಿನಲ್ಲಿ ಮುಳುಗಿಸಿದ. ಹಲಗೆ ನೀರು ಕುಡಿದು ಉಬ್ಬಿ, ತಾನೇ ಬಿರುಕು ಮುಚ್ಚಿಕೊಳ್ಳಲು ನಾಲ್ಕು ದಿನ ಬೇಕು. ಕಲ್ಲು ಹೇರುವಷ್ಟು ಹೊತ್ತೂ ಅವನು ಅವಳಿಗೆ ಬೆನ್ನು ಹಾಕಿಯೇ ಇದ್ದ.

"ಕೋಪವಾ ಅಜ್ಜ?"

"ದೋಣಿ ಕೊಡಿಸಿದವಳ ಮೇಲೆ ಕೋಪ ಮಾಡಿಕೊಂಡರೆ ನನ್ನನ್ನ ಯಾರು ಮನುಷ್ಯ ಅಂತಾರೆ?" ಅವನು ಇನ್ನೊಂದು ಕಲ್ಲು ಎತ್ತಿಟ್ಟ. "ಆದರೆ ಆ ಹೆಣ್ಣುಮಗಳು ಕೇಳಿದಾಗ ಹೇಳಿದೆನಲ್ಲ, ಅಷ್ಟೂ ಜನರ ಮುಂದೆ… ಹೇಳಿದ ಮೇಲೆ ಮನೆಗೆ ಹೋದೆ. ಮನೆ ಮೊದಲಿಗಿಂತ ದೊಡ್ಡದಾಗಿತ್ತು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಸ್ಸಿಗೆ ಹೊರಟಳು.

ಕೆಲಸ ಹೋಗಲಿಲ್ಲ. ಸಾಹೇಬರು ಮೆಮೊ ಕೊಟ್ಟರು, ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದರು, ಆಮೇಲೆ ಅವಳನ್ನು ದಾಖಲೆ ಕೋಣೆಗೆ ಹಾಕಿದರು. ಇನ್ನು ಮೇಲೆ ದಕ್ಕೆಗಳಿಗೆ ಹೋಗುವಂತಿಲ್ಲ. "ನಿಮ್ಮ ಮಗಳ ಮುಖ ನೋಡಿ ಬಿಟ್ಟಿದ್ದೀನಿ," ಎಂದರು. ಅವಳ ಮಗಳನ್ನು ಅವರು ನೋಡಿಯೇ ಇರಲಿಲ್ಲ.

ದಾಖಲೆ ಕೋಣೆಗೆ ಒಂದೇ ಕಿಟಕಿ, ಅದೂ ಕಪಾಟಿನ ಹಿಂದೆ. ಅವಳ ಕೈಗೆ ಬಂದ ಮೊದಲ ಫೈಲುಗಳಲ್ಲೊಂದು ದಕ್ಕೆಗಳ ಪಟ್ಟಿಯ ತಿದ್ದುಪಡಿ. ಹನ್ನೊಂದು ಇದ್ದದ್ದು ಹತ್ತಾಗಿತ್ತು. ಮೂರು ಪ್ರತಿ ಮಾಡಿ, ನಂಬರು ಹಾಕಿ, ಒಂದನ್ನು ಗಸ್ತಿಗೆ, ಒಂದನ್ನು ಲೈಸೆನ್ಸು ವಿಭಾಗಕ್ಕೆ, ಒಂದನ್ನು ಕಪಾಟಿಗೆ ಕಳಿಸಬೇಕಿತ್ತು. ಕಳಿಸಿದಳು.

ಮುಂದಿನ ವರ್ಷ ನಿಷೇಧಕ್ಕೆ ವಾರವಿರುವಾಗ ಅಜ್ಜ ಕಚೇರಿಗೆ ಬಂದ. ಹೊರಗೆ ಟೈಪಿಸ್ಟು, "ಅಕ್ಕಾ, ನಿಮ್ಮ ಎಮ್ಮೆ ಅಜ್ಜ ಬಂದಿದ್ದಾರೆ," ಎಂದು ಕೂಗಿದಳು. ಅವನು ಕೌಂಟರಿನ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದ.

"ಎಲ್ಲಾ ಕಡೆ ಓದಿ ಆಯ್ತಂತೆ. ನನ್ನ ಕಡೆ ಯಾರೂ ಬರಲಿಲ್ಲ."

"ನಿಮ್ಮ ದಕ್ಕೆ ಪಟ್ಟಿಯಲ್ಲಿಲ್ಲ ಅಜ್ಜ. ಅಲ್ಲಿ ಇನ್ನು ಓದೋ ಹಾಗಿಲ್ಲ."

"ಹಾಗಾದರೆ ಯಾವ ತಾರೀಖಿನಿಂದ ಅಂತ ನನಗೆ ಯಾರು ಹೇಳ್ತಾರೆ?"

"ಯಾರೂ ಹೇಳಬೇಕಾಗಿಲ್ಲ. ಓದದೆ ಇದ್ದ ಮೇಲೆ ನಿಮ್ಮ ಮೇಲೆ ಕೇಸು ಬೀಳಲ್ಲ. ವರ್ಷ ಪೂರ್ತಿ ಬೇಕಾದಾಗ ಹಿಡಿಯಿರಿ, ಕೇಳೋರಿಲ್ಲ." ತಮಾಷೆ ಮಾಡಲು ನೋಡಿದಳು. "ಹಿನ್ನೀರಿಗೆ ನೀವೇ ರಾಜ."

ಅವನು ನಗಲಿಲ್ಲ. ತಲೆಯಾಡಿಸಿ, "ಕೇಳೋರಿಲ್ಲ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡ. ಅವಳು ಒಂದು ನೋಟಿಸಿನ ಪ್ರತಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಬಸ್ಸು ಹತ್ತಿ ಹೋಗಿದ್ದ.

ನಿಷೇಧದ ಎರಡನೇ ತಿಂಗಳು ಗಸ್ತಿನವನು ಡೈರಿ ಒಪ್ಪಿಸಲು ದಾಖಲೆ ಕೋಣೆಗೆ ಬಂದ. ಸ್ಟೂಲಿನ ಮೇಲೆ ಕೂತು ಬೂಟಿನ ಕೆಸರು ಕೆರೆಯುತ್ತಾ, "ನಿಮ್ಮ ಮುದುಕನಿಗೆ ತಲೆ ಕೆಟ್ಟಿದೆ ಅಕ್ಕಾ," ಎಂದ. "ಹಿಡಿದರೆ ನಾವು ತಿರುಗಿಯೂ ನೋಡಲ್ಲ ಅಂತ ಗೊತ್ತು. ಆದರೂ ಬೇರೆಯವರ ದೋಣಿ ನಿಂತ ದಿನವೇ ತನ್ನ ದೋಣಿ ಮಗುಚಿ ಹಾಕಿ, ಬಲೆ ಮಡಿಚಿ ಮೇಲಿಟ್ಟು, ಮೆಟ್ಟಿಲ ಮೇಲೆ ಕೂತಿದ್ದಾನೆ. ದಿನಾ ನೋಡ್ತೀನಿ. ಕೂತೇ ಇರ್ತಾನೆ."

ಅವಳು ಡೈರಿಯ ಪುಟ ತಿರುಗಿಸುವುದನ್ನು ನಿಲ್ಲಿಸಿದಳು. "ಮಾತಾಡಿಸಿದೆಯಾ?"

"ಮೋಟಾರು ನಿಲ್ಲಿಸಿ ದಡಕ್ಕೆ ಹೋಗೋಕೆ ಕಾರಣ ಬೇಡವಾ? ಕೇಸಿಲ್ಲ, ಪಟ್ಟಿಯಲ್ಲಿಲ್ಲ. ಏನಂತ ಮಾತಾಡಿಸಲಿ?" ಅವನು ಎದ್ದು ಪ್ಯಾಂಟು ಕೊಡವಿಕೊಂಡ. "ಕೈ ಮಾತ್ರ ಎತ್ತಿದ."

"ನೀನು ಎತ್ತಿದೆಯಾ?"

"ಸ್ಟಿಯರಿಂಗ್ ಹಿಡ್ಕೊಂಡಿದ್ದೆನಲ್ಲ ಅಕ್ಕಾ."

ಅವನು ಹೋದ ಮೇಲೆ ಅವಳು ಡೈರಿಯನ್ನು ಓದಿದಳು. ನಲವತ್ತೆರಡು ದಿನದ ಗಸ್ತು, ದಿನಕ್ಕೆ ಒಂದು ಸಾಲು. ಎಲ್ಲ ಸಾಲಿನಲ್ಲೂ ಒಂದೇ ಕೈಬರಹದಲ್ಲಿ ಬರೆದಿತ್ತು: ನೀರಿನ ಮೇಲೆ ಯಾರೂ ಇಲ್ಲ. ಅವಳು ಪ್ರತಿಯೊಂದರ ಮುಂದೆ ಪರಿಶೀಲಿಸಿದೆ ಎಂದು ಸಣ್ಣ ಸಹಿ ಹಾಕುತ್ತಾ ಹೋದಳು.